‘ನಂಬಿಕೆ ಸಾಲದು’ ಅಂದವರಿಗೆ ಏನು ಹೇಳಲಿ?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. 3 ವರ್ಷದಿಂದ ಫಿಟ್ಸ್ ಇದೆ. ಬೆಳಿಗ್ಗೆ, ರಾತ್ರಿ ಗುಳಿಗೆ ಕೊಡುತ್ತೇವೆ. ಹೋದ ವರ್ಷ ಪೂರ್ತಿ ಒಮ್ಮೆಯೂ ಬಂದಿರಲಿಲ್ಲ. ಎರಡು ತಿಂಗಳ ಹಿಂದೆ ಒಂದು ಉಪವಾಸ ಕೂಟದಲ್ಲಿ ಹೊರಗಿನಿಂದ ಬಂದ ಬೋಧಕರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ‘ಸ್ವಸ್ಥತೆ ಆಗಿದೆ, ಇನ್ನು ಗುಳಿಗೆ ಕೊಟ್ಟರೆ ಅದು ಅಪನಂಬಿಕೆ’ ಅಂದರು. ಹೆದರಿಕೊಂಡೇ ನಿಲ್ಲಿಸಿದೆ. ಆರನೆಯ ರಾತ್ರಿ ಫಿಟ್ಸ್ ಬಂತು, ನಿಲ್ಲಲೇ ಇಲ್ಲ. 3 ದಿನ ಆಸ್ಪತ್ರೆಯಲ್ಲಿದ್ದೆವು. ಈಗ ಕೂಟದವರು ‘ನೀನು ಒಳಗೊಳಗೇ ಸಂದೇಹಪಟ್ಟೆ, ಅದಕ್ಕೇ ತಿರುಗಿ ಬಂತು’ ಅನ್ನುತ್ತಾರೆ. ಸಂದೇಹಪಟ್ಟಿದ್ದು ನಿಜ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ರಾತ್ರಿಯೇ ಕಾಣುತ್ತದೆ. ನಿದ್ದೆಯಲ್ಲಿ ಎದ್ದೆದ್ದು ಅವಳ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತೇನೆ. ನನ್ನ ಭಯದಿಂದಲೇ ಹೀಗಾಯಿತೇ? ಮಗಳು ಗುಳಿಗೆ ನುಂಗುವಾಗ ‘ಅಮ್ಮಾ, ಇದನ್ನು ತಿಂದರೆ ಯೇಸಪ್ಪ ಸಿಟ್ಟಾಗ್ತಾನಾ’ ಅಂತ ಕೇಳುತ್ತಾಳೆ. ಏನು ಹೇಳಲಿ?
(ಗದಗ ಜಿಲ್ಲೆಯ ಓದುಗರೊಬ್ಬರು)

ಉತ್ತರ: ಪ್ರಿಯ ಸಹೋದರಿ,

ದೇವರ ಮಾತಿಗೆ ಮುಂಚೆ ಗುಳಿಗೆಯ ಮಾತು. ನಾನು ವೈದ್ಯನಲ್ಲ. 31 ವರ್ಷ ಸಭಾಪಾಲಕನಾಗಿದ್ದವನು, ಅದರಲ್ಲಿ 8 ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತವನು. ಅಲ್ಲಿನ ನರ್ಸಮ್ಮಗಳಿಂದ ಕಲಿತದ್ದಿಷ್ಟು: ಫಿಟ್ಸ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ತಿರುಗಿ ಬರುವುದಷ್ಟೇ ಅಲ್ಲ, ಬಂದದ್ದು ಬೇಗ ನಿಲ್ಲದೆಯೂ ಹೋಗಬಹುದು. ಮಿದುಳಿನೊಳಗೆ ಸಂಕೇತಗಳು ಹದ ತಪ್ಪಿ ಒಟ್ಟಿಗೇ ನುಗ್ಗದ ಹಾಗೆ ಆ ಗುಳಿಗೆ ದಿನಕ್ಕೆರಡು ಸಲ ತಡೆ ಹಾಕುತ್ತಿತ್ತು. ತಡೆ ತೆಗೆದಿರಿ, ನುಗ್ಗಿತು. ವರ್ಷಪೂರ್ತಿ ಬಾರದಿದ್ದದ್ದೂ ಗುಳಿಗೆ ಕೆಲಸ ಮಾಡುತ್ತಿದ್ದುದರಿಂದಲೇ. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಇಲ್ಲದೆ ಕಳೆದ ಮೇಲೆ ವೈದ್ಯರೇ ಯೋಚಿಸಿ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ಬಿಡಿಸುತ್ತಾರೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಫಿಟ್ಸ್ ಮರಳಿದ್ದು ಗುಳಿಗೆ ನಿಂತದ್ದಕ್ಕೆ, ನಿಮ್ಮ ಸಂದೇಹಕ್ಕಲ್ಲ. ಕಲ್ಲಿನಂಥ ನಂಬಿಕೆಯಿದ್ದವರು ನಿಲ್ಲಿಸಿದ್ದರೂ ಹೀಗೇ ಆಗಬಹುದಿತ್ತು. ಹೆದರಿಕೊಂಡೇ ನಿಲ್ಲಿಸಿದೆ ಅಂದಿರಲ್ಲ, ಆ ಹೆದರಿಕೆ ಸರಿಯಾಗಿಯೇ ಇತ್ತು. ಅದು ನಿಮ್ಮೊಳಗಿನ ತಾಯಿಯ ವಿವೇಕ. ಅದನ್ನು ಅಪನಂಬಿಕೆಯ ಲೆಕ್ಕಕ್ಕೆ ಬರೆದವರು ತಪ್ಪು ಮಾಡಿದರು.

ಮುಂದೆಂದಾದರೂ ಬಂದರೆ, ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಬೇಡ. ಕೈಗೆ ಬೀಗದ ಕೈ ಗೊಂಚಲು ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಏನೂ ಆಗುವುದಿಲ್ಲ. ಗಡಿಯಾರ ನೋಡಿ, 5 ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮನೆಯಲ್ಲೇ ಮೂಗಿಗೆ ಹೊಡೆಯುವ ತುರ್ತು ಸ್ಪ್ರೇ ಮಗಳಿಗೆ ಆಗುತ್ತದೆಯೇ ಅಂತ ವೈದ್ಯರನ್ನು ಕೇಳಿ. ಶಾಲೆಯ ಟೀಚರಿಗೂ ಇಷ್ಟು ಹೇಳಿಕೊಡಿ.

ಈಗ ನನ್ನದೊಂದು ಅರಿಕೆ. ‘ನಂಬಿಕೆ ಸಾಲದು’ ಎಂಬ ಮಾತನ್ನು ನಾನೂ ಆಡಿದ್ದೇನೆ. ನನ್ನ ಮೊದಲನೆಯ ಸಭೆಯಲ್ಲಿ, ನನಗಾಗ ಇಪ್ಪತ್ತೇಳೋ ಇಪ್ಪತ್ತೆಂಟೋ. ನೇಕಾರರ ಮನೆ, ಯಜಮಾನನಿಗೆ ಲಿವರ್ ಕೆಟ್ಟಿತ್ತು. ಹೆಂಡತಿ ಅಳುತ್ತಿದ್ದರು. ನಾನು ಬೈಬಲ್ ಬಗಲಲ್ಲಿಟ್ಟುಕೊಂಡು, ‘ಅಮ್ಮಾ, ಅಳಬೇಡಿ, ಗಟ್ಟಿಯಾಗಿ ನಂಬಿ, ಎದ್ದು ಬರುತ್ತಾರೆ’ ಅಂದೆ. ಹನ್ನೊಂದು ದಿನಕ್ಕೆ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ ಆ ತಾಯಿ ನನ್ನನ್ನು ಬಾಗಿಲ ತನಕ ಬಿಡಲು ಬಂದು ಮೆಲ್ಲಗೆ ಕೇಳಿದರು: ‘ಅಯ್ಯನವರೇ, ನಾನು ಎಷ್ಟು ನಂಬಬೇಕಿತ್ತು?’

ಸಿಟ್ಟಿನಿಂದ ಕೇಳಿದ್ದಲ್ಲ. ಅಂಗಡಿಯಲ್ಲಿ ದುಡ್ಡು ಕಡಿಮೆಬಿದ್ದವರು ‘ಇನ್ನೆಷ್ಟು ಬೇಕಿತ್ತು’ ಅಂತ ಕೇಳುವ ಹಾಗೆ ಕೇಳಿದರು. ಆ ‘ಎಷ್ಟು’ ಎಂಬ ಪದವನ್ನು ಅವರ ಬಾಯಿಗೆ ಹಾಕಿದವನು ನಾನೇ. ನಂಬಿಕೆಯನ್ನು ಸೇರು, ಪಾವಿನಲ್ಲಿ ಅಳೆಯುವ ಕಾಳು ಮಾಡಿ, ಇಷ್ಟು ಅಳೆದುಕೊಟ್ಟರೆ ದೇವರು ಇಷ್ಟು ಕೊಡುತ್ತಾನೆ ಅಂತ ಹೇಳಿಕೊಟ್ಟಿದ್ದೆ. ನಿಮ್ಮ ಪತ್ರದಲ್ಲೂ ಅದೇ ‘ಎಷ್ಟು’ ಇದೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸುತ್ತೇನೆ.

ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ತೆಗೆಯಿರಿ. ಅಲ್ಲೊಬ್ಬ ತಂದೆ ಇದ್ದಾನೆ, ಮಗನಿಗೆ ಚಿಕ್ಕಂದಿನಿಂದ ಹೀಗೇ. ಬೀಳುತ್ತಾನೆ, ನೊರೆ ಸುರಿಸುತ್ತಾನೆ, ಹಲ್ಲು ಕಡಿಯುತ್ತಾನೆ, ಸೆಟೆದುಕೊಳ್ಳುತ್ತಾನೆ, ಎಷ್ಟೋ ಸಲ ಬೆಂಕಿಗೂ ನೀರಿಗೂ ಬಿದ್ದಿದ್ದಾನೆ. ಇದೇ ಘಟನೆಯನ್ನು ಹೇಳುವಾಗ ಮತ್ತಾಯನು ಚಂದ್ರನ ಹೆಸರಿನಿಂದ ಹುಟ್ಟಿದ ಒಂದು ಗ್ರೀಕ್ ಪದ ಬಳಸುತ್ತಾನೆ, ಆ ಕಾಲದವರು ಮೂರ್ಛಾರೋಗಕ್ಕೆ ಇಟ್ಟಿದ್ದ ಹೆಸರು ಅದು. (ಆ ಹುಡುಗನ ಕತೆಯಲ್ಲಿ ಅಶುದ್ಧಾತ್ಮದ ಮಾತು ಬರುತ್ತದೆ. ಅದನ್ನೇ ಹಿಡಿದು ಯಾರಾದರೂ ನಿಮ್ಮ ಮಗಳಿಗೆ ದೆವ್ವ ಅಂದರೆ ಮತ್ತಾಯ 4:24 ತೋರಿಸಿ. ದೆವ್ವ ಹಿಡಿದವರು, ಮೂರ್ಛಾರೋಗಿಗಳು, ಪಾರ್ಶ್ವವಾಯು ಆದವರು ಅಂತ ಮೂವರನ್ನೂ ಬೇರೆಬೇರೆಯಾಗಿಯೇ ಬರೆದಿದೆ. ಎರಡು ಸಾವಿರ ವರ್ಷದ ಹಿಂದಿನವರಿಗೆ ತಿಳಿದಿದ್ದ ವ್ಯತ್ಯಾಸ ನಮ್ಮವರಿಗೆ ತಿಳಿಯದೆ ಹೋಗುವುದು ನಾಚಿಕೆಗೇಡು.)

ಆ ತಂದೆ ಮೊದಲು ಮಗನನ್ನು ಶಿಷ್ಯರ ಹತ್ತಿರ ಕರೆತಂದಿದ್ದ. ಅವರ ಕೈಯಲ್ಲಿ ಆಗಲಿಲ್ಲ. ಸುತ್ತ ಜನ, ಶಾಸ್ತ್ರಿಗಳ ವಾದ, ನಡುವೆ ಈ ಮಗು. ಅವನ ಮನಸ್ಸು ನಿಮಗೆ ಗೊತ್ತು, ನಾನು ಹೇಳಬೇಕಾಗಿಲ್ಲ. ಯೇಸು ಬಂದಾಗ ಅವನು ಕೇಳುವ ರೀತಿಯಲ್ಲೇ ಸೋಲು ಇದೆ: ನಿನ್ನಿಂದ ಏನಾದರೂ ಆಗುವ ಹಾಗಿದ್ದರೆ, ನಮ್ಮ ಮೇಲೆ ಕರುಣೆಯಿಡು. ‘ಆಗುವ ಹಾಗಿದ್ದರೆ’! ಯೇಸು ಆ ಮಾತನ್ನು ಹಾಗೇ ಬಿಡುವುದಿಲ್ಲ, ನಂಬುವವನಿಗೆ ಎಲ್ಲವೂ ಆಗುತ್ತದೆ ಅನ್ನುತ್ತಾನೆ. ಕೂಟದವರು ಇಲ್ಲಿಗೇ ಬೈಬಲ್ ಮುಚ್ಚಿಬಿಡುತ್ತಾರೆ. ಮುಂದಿನ ವಚನ ಓದಿ. ತಂದೆ ಕೂಗಿಕೊಳ್ಳುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು.

ಈ ಮಾತಿನಲ್ಲಿ ನಂಬಿಕೆ ಎಷ್ಟು ಭಾಗ, ಸಂದೇಹ ಎಷ್ಟು ಭಾಗ ಅಂತ ಯಾರು ತೂಗಿಯಾರು? ಯೇಸು ತೂಗಲಿಲ್ಲ. ಮೊದಲು ನಿನ್ನ ಸಂದೇಹ ಕಳೆದುಕೊಂಡು ಬಾ, ಆಮೇಲೆ ನೋಡೋಣ ಅನ್ನಲಿಲ್ಲ. ಹುಡುಗ ಸತ್ತವನ ಹಾಗೆ ಬಿದ್ದಾಗ ಸುತ್ತಲಿದ್ದ ಹೆಚ್ಚಿನವರು ‘ಸತ್ತೇಹೋದ’ ಅಂದರು. ಆತನು ಕೈಹಿಡಿದು ಎಬ್ಬಿಸಿದ. ಆ ಒಂದು ಕ್ಷಣದಲ್ಲಿ ತಂದೆಯ ಎದೆಯಲ್ಲಿ ನಂಬಿಕೆ ಉಳಿದಿತ್ತೋ ಇಲ್ಲವೋ ಎಂದು ಮಾರ್ಕನು ಬರೆಯುವುದಿಲ್ಲ. ಬರೆದದ್ದು ಒಂದೇ, ಅವನು ಮಗನನ್ನು ಎಲ್ಲಿಗೆ ತಂದ ಎಂಬುದು. ಭಯವನ್ನೂ ಸಂದೇಹವನ್ನೂ ಮಗನ ಜೊತೆಯಲ್ಲೇ ಎತ್ತಿಕೊಂಡು ಬಂದಿದ್ದ.

ನಮ್ಮ ಕನ್ನಡದ ‘ನಂಬು’ ಎಂಬ ಕ್ರಿಯಾಪದವನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿ. ಈ ಮಾತನ್ನು ಜನ ಎಲ್ಲೆಲ್ಲಿ ಆಡುತ್ತಾರೆ? ಆಪರೇಶನ್ ಥಿಯೇಟರಿನ ಬಾಗಿಲಲ್ಲಿ ‘ನಿಮ್ಮನ್ನೇ ನಂಬಿ ಬಂದಿದ್ದೀವಿ ಡಾಕ್ಟ್ರೇ’ ಅನ್ನುತ್ತಾರೆ. ಅನ್ನುವವರ ಕೈ ನಡುಗುತ್ತಿರುತ್ತದೆ, ಸಹಿ ಸೊಟ್ಟಗಾಗಿರುತ್ತದೆ. ನಿಮ್ಮ ಕಡೆಯ ರೈತರು ‘ಮಳೆ ನಂಬಿ ಬಿತ್ತೀವ್ರಿ’ ಅನ್ನುತ್ತಾರೆ. ಬಿತ್ತಿದ ಮೇಲೆ ಹೊದ್ದು ಮಲಗುತ್ತಾರೆಯೇ? ದಿನಕ್ಕೆ ಹತ್ತು ಸಲ ಅಂಗಳಕ್ಕೆ ಬಂದು ಮುಗಿಲು ನೋಡುತ್ತಾರೆ. ಹಾಗೆ ನೋಡಿದ್ದಕ್ಕೆ ‘ನಿನಗೆ ಮಳೆಯ ಮೇಲೆ ನಂಬಿಕೆಯಿಲ್ಲ’ ಅಂತ ಯಾರೂ ಅವರನ್ನು ಬೈಯುವುದಿಲ್ಲ. ಅವರ ನಂಬಿಕೆ ಮನಸ್ಸಿನ ನೆಮ್ಮದಿಯಲ್ಲಿಲ್ಲ, ಮಣ್ಣಿನೊಳಗೆ ಹಾಕಿದ ಬೀಜದಲ್ಲಿದೆ. ಪ್ರಾಣಭಯದಲ್ಲಿರುವವರು ಒಬ್ಬರ ಕೈಯಲ್ಲಿ ತಮ್ಮನ್ನು ಇಟ್ಟುಬಿಡುವಾಗಲೇ ನಮ್ಮ ಭಾಷೆಯಲ್ಲಿ ‘ನಂಬಿದೆ’ ಎಂಬ ಮಾತು ಪೂರ್ತಿ ತೂಕದಲ್ಲಿ ಬರುತ್ತದೆ. ಸಭೆಯೊಳಗೆ ಬಂದಾಗ ಮಾತ್ರ ಅದೇ ಪದಕ್ಕೆ ‘ಭಯವೇ ಆಗದಿರುವುದು’ ಅಂತ ಅರ್ಥ ಹಚ್ಚುತ್ತೇವೆ.

ದಾವೀದನೂ ಅಂಗಳದಲ್ಲಿ ನಿಂತು ಮುಗಿಲು ನೋಡಿದವನೇ. 56ನೇ ಕೀರ್ತನೆಯಲ್ಲಿ, ನನಗೆ ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ. ಹೆದರಿಕೆ ಹೋದ ಮೇಲೆ ಅಲ್ಲ, ಆದಾಗ. ಅದರ ತಲೆಬರಹ ನೋಡಿದ್ದೀರಾ? ಗತ್ ಊರಿನಲ್ಲಿ ಫಿಲಿಷ್ಟಿಯರು ಅವನನ್ನು ಹಿಡಿದಾಗಿನ ಹಾಡು ಅಂತಿದೆ. ಗತ್ ಯಾರ ಊರು? ಫಿಲಿಷ್ಟಿಯರ ದೈತ್ಯ ವೀರ ಗೊಲ್ಯಾತನ ಊರು. ತನ್ನನ್ನು ಕೊಲ್ಲಲು ಹೊರಟಿದ್ದ ಅರಸ ಸೌಲನಿಗೆ ಹೆದರಿ ಓಡಿದ ದಾವೀದ ದಾರಿಯಲ್ಲಿ ನೋಬಿನ ಯಾಜಕನಿಂದ ಒಂದು ಕತ್ತಿ ತೆಗೆದುಕೊಳ್ಳುತ್ತಾನೆ. ಅದು ಗೊಲ್ಯಾತನದೇ ಕತ್ತಿ. ಅಲ್ಲಿಂದ ಹೊರಟವನು, ಆ ಗೊಲ್ಯಾತನನ್ನು ಕೊಂದವನು, ಗೊಲ್ಯಾತನ ಊರಿಗೇ ಹೋಗುತ್ತಾನೆ! ಭಯಕ್ಕೆ ಬುದ್ಧಿ ಎಷ್ಟು ಕೆಟ್ಟಿರಬೇಕು ನೋಡಿ. ಅಲ್ಲಿನ ಜನ ಗುರುತು ಹಿಡಿದಾಗ ಹುಚ್ಚನ ಹಾಗೆ ನಟಿಸುತ್ತಾನೆ, ಬಾಗಿಲ ಕದ ಕೆರೆಯುತ್ತಾನೆ, ಗಡ್ಡದ ಮೇಲೆ ಜೊಲ್ಲು ಸುರಿಸಿಕೊಳ್ಳುತ್ತಾನೆ. 1 ಸಮುವೇಲ 21ರಲ್ಲಿದೆ, ಅವನು ಬಹಳ ಹೆದರಿದನು ಅಂತ ನೇರವಾಗಿಯೇ ಬರೆದಿದೆ. ಭಾನುವಾರ ಶಾಲೆಯಲ್ಲಿ ಕವಣೆ ಕಲ್ಲಿನ ದಾವೀದನ ಚಿತ್ರಕ್ಕೆ ಮಕ್ಕಳು ಬಣ್ಣ ಹಚ್ಚುತ್ತಾರೆ, ಜೊಲ್ಲು ಸುರಿಸುವ ದಾವೀದನ ಚಿತ್ರವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಆದರೆ ನಂಬಿಕೆಯ ಆ ಹಾಡು ಬಂದದ್ದು ಎರಡನೆಯವನ ಬಾಯಿಂದ. ಅದೇ ಕೀರ್ತನೆಯಲ್ಲಿ ತನ್ನ ಕಣ್ಣೀರನ್ನು ದೇವರು ಬುದ್ದಲಿಯಲ್ಲಿ, ಅಂದರೆ ತೊಗಲಿನ ಚೀಲದಲ್ಲಿ, ತುಂಬಿಡುತ್ತಾನೆ ಅನ್ನುತ್ತಾನೆ. ಅಳಬೇಡಿ ಅಂತ ಆ ನೇಕಾರರ ಮನೆಯಲ್ಲಿ ನಾನು ಹೇಳಿದೆನಲ್ಲ, ಆಗ ಈ ವಚನ ನನಗೆ ಬಾಯಿಪಾಠವಿತ್ತು.

ಕೂಟದವರು ನಿಮಗೆ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ ಓದಿ ಹೇಳಿರಬೇಕು, ಸಂದೇಹಪಡುವವನು ಸಮುದ್ರದ ತೆರೆಯಂತೆ, ಅವನಿಗೇನೂ ಸಿಗದು ಅಂತ. ಆ ವಚನ ಇದೆ, ಮರೆಮಾಚುವುದಿಲ್ಲ. ಆದರೆ ಅದರ ಹಿಂದಿನ ವಚನ ಜ್ಞಾನ ಕೇಳಿಕೊಳ್ಳುವ ಬಗ್ಗೆ, ಕೊರತೆಯಿದ್ದವನು ಕೇಳಲಿ, ದೇವರು ಹಂಗಿಸದೆ ಕೊಡುತ್ತಾನೆ ಅನ್ನುತ್ತದೆ. ಹಂಗಿಸದೆ! ಆ ಪದವನ್ನು ಬಿಟ್ಟು ಓದಿದವರೇ ನಿಮ್ಮನ್ನು ಹಂಗಿಸಿದ್ದಾರೆ. ಇನ್ನು ಯಾಕೋಬನು ಬೈಯುವ ‘ಎರಡು ಮನಸ್ಸಿನವನು’ ಯಾರು? 4ನೇ ಅಧ್ಯಾಯದಲ್ಲಿ ಅದೇ ಪದ ಮತ್ತೆ ಬರುತ್ತದೆ: ದೇವರೂ ಬೇಕು, ಲೋಕದ ಸ್ನೇಹವೂ ಬೇಕು ಅನ್ನುವವರಿಗೆ ಹೇಳಿದ ಮಾತು. ಎರಡು ದೋಣಿಯಲ್ಲಿ ಕಾಲಿಟ್ಟವರು. ಮಗಳ ಉಸಿರು ನೋಡಲು ರಾತ್ರಿ ಏಳುವ ತಾಯಿ ಆ ಗುಂಪಿಗೆ ಸೇರಿದವಳಲ್ಲ.

‘ಪೂರ್ಣ ಪ್ರೀತಿ ಭಯವನ್ನು ಹೊರಡಿಸುತ್ತದೆ’ ಎಂಬುದನ್ನೂ ಹೇಳಿರಬಹುದು. ಅಲ್ಲಿ ಯೋಹಾನನು ಹೇಳುವುದು ನ್ಯಾಯತೀರ್ಪಿನ, ಶಿಕ್ಷೆಯ ಭಯದ ಬಗ್ಗೆ. ದೇವರು ಹೊಡೆದಾನೆಂಬ ಭಯ. ನಿಮಗೆ ಮೊದಲಿದ್ದದ್ದು ಕಾಯಿಲೆಯ ಭಯ, ಈ ಹೊಸ ಭಯವನ್ನು ಕೂಟದವರೇ ತಂದು ಹಚ್ಚಿದ್ದು.

ಪೇತ್ರ ನೀರಿನ ಮೇಲೆ ನಡೆಯಹೋಗಿ ಮುಳುಗಿದಾಗ ‘ಯಾಕೆ ಸಂದೇಹಪಟ್ಟೆ’ ಅಂತ ಯೇಸು ಕೇಳುತ್ತಾನಲ್ಲ, ಅಲ್ಲಿನ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಇನ್ನೊಂದು ಮತ್ತಾಯನ ಕೊನೆಯ ಅಧ್ಯಾಯದಲ್ಲಿ. ಎದ್ದುಬಂದ ಯೇಸುವನ್ನು ಗಲಿಲಾಯದ ಬೆಟ್ಟದ ಮೇಲೆ ಕಣ್ಣಾರೆ ಕಂಡು ಶಿಷ್ಯರು ಅಡ್ಡಬೀಳುತ್ತಾರೆ, ಕೆಲವರು ಸಂದೇಹಪಡುತ್ತಾರೆ. ಮುಂದಿನ ಮಾತಿನಲ್ಲೇ ಆತನು ಎಲ್ಲ ಜನಾಂಗಗಳಿಗೂ ಹೋಗಿರಿ ಅಂತ ಅವರನ್ನು ಕಳಿಸುತ್ತಾನೆ. ಸಂದೇಹಪಟ್ಟವರು ಹಿಂದುಳಿಯಿರಿ ಅಂತ ಬೇರೆ ಸಾಲು ಮಾಡಿಸಲಿಲ್ಲ. ಪೇತ್ರನ ವಿಷಯದಲ್ಲೂ ಮೊದಲು ಬಂದದ್ದು ಕೈ, ಪ್ರಶ್ನೆ ಬಂದದ್ದು ಆಮೇಲೆ.

ಗುಳಿಗೆ ಅಪನಂಬಿಕೆಯೇ ಎಂಬುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅರಸನಾದ ಹಿಜ್ಕೀಯನ ಪ್ರಾರ್ಥನೆ ಕೇಳಿದ್ದೇನೆ, 15 ವರ್ಷ ಆಯುಸ್ಸು ಕೊಡುತ್ತೇನೆ ಅಂತ ದೇವರೇ ಹೇಳಿಯಾದ ಮೇಲೂ, ಪ್ರವಾದಿ ಯೆಶಾಯನು ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸುತ್ತಾನೆ. ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟುಬಂದೆ ಅಂತ ಬರೆಯುತ್ತಾನೆ. ಪೌಲನ ಜೊತೆಗೆ ಲೂಕನೆಂಬ ವೈದ್ಯನಿದ್ದ. ಇಷ್ಟು ಸಾಕು.

ದೇವರು ಈ ಕಾಯಿಲೆಯನ್ನು ಯಾಕೆ ಪೂರ್ತಿ ತೆಗೆಯುತ್ತಿಲ್ಲ ಅಂತ ನೀವು ಕೇಳಿಲ್ಲ, ಆದರೆ ಪತ್ರದ ಅಡಿಯಲ್ಲಿ ಅದು ಇದೆ. ನನ್ನ ಬಳಿ ಉತ್ತರವಿಲ್ಲ. ಇದೆ ಅನ್ನುವವರ ಹತ್ತಿರ ಸ್ವಲ್ಪ ದೂರವಿರಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಪಕ್ಕದಲ್ಲಿ ಕೂತಿದ್ದರು, ಅಷ್ಟು ದಿನ ಒಳ್ಳೆಯವರೇ. ಬಾಯಿ ತೆರೆದು ಕಾರಣ ಹೇಳಲು ಹೊರಟ ಮೇಲೆ ಕೆಟ್ಟರು. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಪಾತ್ರೆಯನ್ನು, ಅಂದರೆ ಬರಲಿದ್ದ ಸಂಕಟವನ್ನು, ನನ್ನಿಂದ ತೊಲಗಿಸು ಅಂತ ಬೇಡಿದ. ದುಃಖದಿಂದ ಜೀವ ಹೋಗುವಂತಾಗಿದೆ ಅಂತ ಗೆಳೆಯರ ಹತ್ತಿರ ಹೇಳಿಕೊಂಡ, ಎಚ್ಚರವಾಗಿರಿ ಅಂತ ಕೇಳಿಕೊಂಡ. ಅವರು ನಿದ್ದೆ ಹೋದರು, ಪಾತ್ರೆ ತೊಲಗಲಿಲ್ಲ. ಆತನ ನಂಬಿಕೆ ಸಾಲದಾಯಿತು ಅನ್ನಲು ಯಾವ ಬೋಧಕನಿಗೆ ಬಾಯಿ ಬಂದೀತು?

ಈಗ ಪ್ರಾರ್ಥನೆ. ಕಣ್ಣು ಮುಚ್ಚಿದರೆ ಆ ರಾತ್ರಿ ಕಾಣುತ್ತದೆ ಅಂದಿರಿ. ಹಾಗಾದರೆ ಕಣ್ಣು ಮುಚ್ಚಬೇಡಿ. ಕಣ್ಣು ಮುಚ್ಚಿಯೇ ಪ್ರಾರ್ಥಿಸಬೇಕೆಂದು ಸತ್ಯವೇದದಲ್ಲಿ ಎಲ್ಲೂ ಇಲ್ಲ, ಅದು ಭಾನುವಾರ ಶಾಲೆಯ ರೂಢಿ. ಪಾತ್ರೆ ತೊಳೆಯುತ್ತಾ ‘ಕರ್ತನೇ, ಹೆದರಿಕೆಯಾಗುತ್ತಿದೆ’ ಅಂತಷ್ಟೇ ಅನ್ನಿ. ಬೇಕಾದರೆ 88ನೇ ಕೀರ್ತನೆ ಗಟ್ಟಿಯಾಗಿ ಓದಿ. ಉಳಿದ ಪ್ರಲಾಪದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ, ಇದು ಮಾತ್ರ ಕತ್ತಲಲ್ಲೇ ನಿಂತುಬಿಡುತ್ತದೆ. ಮೂಲ ಹೀಬ್ರೂವಿನಲ್ಲಿ ಕಡೆಯ ಪದವೇ ಕತ್ತಲೆ. ಅಂಥದ್ದನ್ನೂ ದೇವರು ತನ್ನ ಹಾಡಿನ ಪುಸ್ತಕದಲ್ಲಿ ಇರಗೊಟ್ಟಿದ್ದಾನೆ. ಅದೂ ಆಗದಿದ್ದರೆ ಬೇರೆಯವರು ನಿಮಗಾಗಿ ಮಾಡಲಿ. ಪಾರ್ಶ್ವವಾಯು ಆದವನನ್ನು ನಾಲ್ವರು ಮಾಳಿಗೆ ಕಿತ್ತು ಇಳಿಸಿದಾಗ ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು, ಮಲಗಿದ್ದವನನ್ನು ನಿನಗೆಷ್ಟಿದೆ ಅಂತ ಕೇಳಲಿಲ್ಲ.

ನನ್ನ ಹೆಂಡತಿ ಐಸಿಯುವಿನಲ್ಲಿದ್ದಾಗ ನನಗೂ ಹೀಗೇ ಆಗಿತ್ತು. ನೂರಾರು ಮಂಚದ ಪಕ್ಕ ಪ್ರಾರ್ಥಿಸಿದ ಬಾಯಿಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಆದ ಮೇಲೆ ಮುಂದಿನ ಸಾಲು ಬರಲಿಲ್ಲ. ನಮ್ಮ ಗುಡಿಯ ಗಂಟೆ ಹೊಡೆಯುವ ಮುದುಕರು ಒಂದು ಫ್ಲಾಸ್ಕು ಚಹಾ ತಂದು ಪಕ್ಕದಲ್ಲಿ ಕೂತರು. ವಚನ ಹೇಳಲಿಲ್ಲ. ಬೆಳಗಿನ ಜಾವ ಎದ್ದು ಹೋಗುವಾಗ ‘ನಿಮ್ಮ ಪಾಲಿಂದು ನಾನು ಮಾಡೀನ್ರಿ’ ಅಂದರು, ಅಷ್ಟೇ. ಅಂಥವರೊಬ್ಬರು ನಿಮ್ಮ ಸಭೆಯಲ್ಲೂ ಇರುತ್ತಾರೆ. ಬಹುಶಃ ಮೈಕಿನ ಹತ್ತಿರ ಇರುವುದಿಲ್ಲ.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತಿಗೆ ಗೊತ್ತಾಯಿತು, ಅರ್ಧ ಶತಮಾನದ ಹತ್ತಿರ ಅವರಿಗೆ ದೇವರ ಇರವೇ ಅನುಭವಕ್ಕೆ ಬರುತ್ತಿರಲಿಲ್ಲ ಅಂತ. (ಪ್ರಾಟೆಸ್ಟಂಟ್ ಪಾದ್ರಿ ಅವರ ಉದಾಹರಣೆ ಕೊಡುವುದೇ ಅಂತ ನಮ್ಮ ಹಿರಿಯರು ಕೆಲವರು ಹುಬ್ಬೇರಿಸಬಹುದು, ಏರಿಸಲಿ.) ಆ ಖಾಲಿತನದಲ್ಲೇ ಬೆಳಿಗ್ಗೆ ಎದ್ದು ಕೊಲ್ಕತ್ತಾದ ಬೀದಿಗೆ ಹೋಗುತ್ತಿದ್ದರು. ನೀವೂ ಎದ್ದು ಮಗಳ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದೀರಲ್ಲ, ಅದಕ್ಕೇನು ಹೆಸರು?

ಆದರೆ ರಾತ್ರಿ ಎದ್ದೆದ್ದು ನೋಡುವುದು ವಾರಗಟ್ಟಲೆ ನಿಲ್ಲದಿದ್ದರೆ ಮಗಳ ಮುಂದಿನ ತಪಾಸಣೆಗೆ ಹೋದಾಗ ನಿಮ್ಮ ವಿಷಯವನ್ನೂ ವೈದ್ಯರಿಗೆ ಹೇಳಿ. ಅಂಥ ರಾತ್ರಿ ಕಂಡ ತಾಯಂದಿರಿಗೆ ಇದು ಆಗುವುದುಂಟು, ಇದಕ್ಕೂ ಚಿಕಿತ್ಸೆ ಇದೆ. ನಿದ್ದೆಗೆಟ್ಟ ಮೈಗೆ ಎಲ್ಲ ಸಂದೇಹವೂ ಎರಡರಷ್ಟು ಕಾಣುತ್ತದೆ. ಕೂಟಕ್ಕೆ ಸದ್ಯಕ್ಕೆ ಹೋಗಬೇಡಿ. ಜಗಳ ಮಾಡುವುದೂ ಬೇಡ. ಕೇಳಿದರೆ, ‘ಗುಳಿಗೆ ನಿಲ್ಲಿಸಿ ಅಂದಿರಿ, ಮಗಳು ಸಾಯುವ ಹಾಗಾದಳು’ ಅಂತ ಒಂದೇ ಮಾತು ಹೇಳಿ. ನಿಮ್ಮ ಸಭಾಪಾಲಕರಿಗೆ ಮಾತ್ರ ನಡೆದದ್ದನ್ನೆಲ್ಲ ತಪ್ಪದೆ ತಿಳಿಸಿ. ಅದೇ ಕೂಟದಲ್ಲಿ ನಾಳೆ ಇನ್ನೊಂದು ಮಗು ಕೂತಿರುತ್ತದೆ.

ಇನ್ನು ಮಗಳ ಪ್ರಶ್ನೆ. ದೊಡ್ಡವರು ಆಡಿದ್ದೆಲ್ಲ ಅವಳ ಕಿವಿಗೆ ಬಿದ್ದಿದೆ. ಅಮ್ಮನಿಂದ ಹೀಗಾಯಿತು, ಅಥವಾ ತನ್ನಿಂದಲೇ ಆಯಿತು ಅಂತ ಅವಳು ಒಳಗೇ ಲೆಕ್ಕ ಹಾಕಿರುತ್ತಾಳೆ. ‘ಇಲ್ಲ ಮಗಳೇ, ಸಿಟ್ಟಾಗೋದಿಲ್ಲ, ಗುಳಿಗೆ ನಿಲ್ಲಿಸಿದ್ದು ಅಮ್ಮನ ತಪ್ಪು, ನಿನ್ನದಲ್ಲ’ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಯಾಯೀರನ ಮಗಳ ಕತೆ ಹೇಳಿ, ಮಾರ್ಕನ 5ನೇ ಅಧ್ಯಾಯ. ಅವಳಿಗೆ 12 ವರ್ಷ, ನಿಮ್ಮವಳಿಗಿಂತ ಸ್ವಲ್ಪ ದೊಡ್ಡವಳು. ಮನೆಯಲ್ಲಿ ಎಲ್ಲರೂ ಗೋಳಾಡುತ್ತಿದ್ದರು. ಯೇಸಪ್ಪ ಅವಳ ಕೈಹಿಡಿದು ‘ತಲೀಥಾ ಕೂಮ್’, ಚಿಕ್ಕ ಹುಡುಗಿಯೇ, ಏಳು ಅಂದ. ಅವಳು ಎದ್ದು ಓಡಾಡಿದಳು. ಎಲ್ಲರೂ ಬೆರಗಾಗಿ ನಿಂತಿದ್ದಾಗ ಅವಳಿಗೆ ಹಸಿವಾಗಿರುತ್ತದೆ ಅನ್ನುವುದು ಆತನೊಬ್ಬನಿಗೇ ನೆನಪಿತ್ತು. ಇವಳಿಗೆ ಏನಾದರೂ ತಿನ್ನಲು ಕೊಡಿ ಅಂದ. ರಾತ್ರಿ ಊಟಕ್ಕೆ ಕೂತಾಗ ಹೇಳಿ, ಗುಳಿಗೆಗೆ ಮುಂಚೆ.